ದೊಡ್ಡಮ್ಮನ ದೊಡ್ಡೂಟಕ್ಕೆ ಹೊಸ ಟಚ್

"ಈ ಸಲ ದೊಡ್ಡೂಟದಲ್ಲಿ ಸ್ವಲ್ಪ ಹೊಸದು ಮಾಡೋಣ ಅಂತಿದೀನಿ" ಎಂದು ದೊಡ್ಡಮ್ಮ ಹೇಳಿದಾಗ ಚಿಕ್ಕಪ್ಪನ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಅವರು ಅದನ್ನು ಎತ್ತುವ ಗೋಜಿಗೆ ಹೋಗಲಿಲ್ಲ. ಅದಕ್ಕಿಂತ ದೊಡ್ಡದೇನೋ ಮುಳುಗುತ್ತಿದೆ ಎಂದು ಅವರಿಗೆ ಅನ್ನಿಸಿತ್ತು.

ದೊಡ್ಡೂಟ ಎಂದರೆ ವರ್ಷದ ದೊಡ್ಡ ರಜೆಯ ದಿನ ಅಣ್ಣತಮ್ಮಂದಿರ ಎರಡೂ ಸಂಸಾರ ದೊಡ್ಡಮ್ಮನ ಮನೆಯ ಉದ್ದನೆಯ ಮೇಜಿನ ಸುತ್ತ ಕೂತು ಮಾಡುವ ಊಟ. ಕುಂಬಳಕಾಯಿ ಸೂಪು, ಹುರಿದ ಆಲೂಗಡ್ಡೆ, ಬೆಣ್ಣೆ ಹಾಕಿದ ಹುರುಳಿಕಾಯಿ, ದೊಡ್ಡ ಪಾತ್ರೆಯಲ್ಲಿ ಬೆಳಗಿನಿಂದ ಬೇಯುವ ಕೋಳಿ, ಕೊನೆಗೆ ಕಸ್ಟರ್ಡು. ಇದೇ ಅಡುಗೆ, ಇದೇ ಸರತಿ. ಸರ್ಕಾರಗಳು ಬದಲಾದವು, ಮೇಜಿನ ಒಂದು ಕಾಲು ಬದಲಾಯಿತು, ಅಡುಗೆ ಬದಲಾಗಲಿಲ್ಲ. ಬದಲಾಯಿಸಲು ಯಾರೂ ನೋಡಲಿಲ್ಲ ಎಂದಲ್ಲ. ಚಿಕ್ಕಮ್ಮ ಒಂದು ವರ್ಷ ಎಲ್ಲರ ಸೂಪಿನ ಮೇಲೂ ಪುದೀನ ಎಲೆ ತೇಲಿಬಿಟ್ಟಿದ್ದರು. ದೊಡ್ಡಮ್ಮ ಚಮಚ ಹಿಡಿದು ಮೇಜನ್ನು ಸುತ್ತಿ ಒಂದೊಂದೇ ಎಲೆಯನ್ನು ಎತ್ತಿ, "ಕಸ ಬಿದ್ದಿದೆ ನೋಡಿ" ಎಂದು ತಟ್ಟೆಯ ಅಂಚಿಗೆ ಹಾಕಿದ್ದರು.

ದೊಡ್ಡಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಮೇಲ್ವಿಚಾರಕಿ. ಚಿಕ್ಕಮ್ಮ ಪೀಠೋಪಕರಣದ ಅಂಗಡಿಯಲ್ಲಿ ಸೋಫಾ, ದೀಪ, ಹೂದಾನಿಗಳನ್ನು ಜೋಡಿಸಿ ಕಣ್ಣಿಗೆ ಹಬ್ಬ ಮಾಡುವವರು. ಇಬ್ಬರ ಬದುಕೂ ಕಲೆಗೆ ಮೀಸಲು. ಆದರೆ ಒಬ್ಬರಿಗೆ ಕಲೆ ಎಂದರೆ ತೆಗೆಯುವ ವಸ್ತು, ಇನ್ನೊಬ್ಬರಿಗೆ ಹಾಕುವ ವಸ್ತು. ಓರಗಿತ್ತಿಯರಿಬ್ಬರ ನಡುವೆ ಇಷ್ಟು ವರ್ಷ ನಡೆದ ಮಾತುಕತೆಯ ಸಾರಾಂಶವೂ ಇಷ್ಟೇ.

"ಹೊಸದು ಅಂದ್ರೆ?" ಎಂದು ಚಿಕ್ಕಮ್ಮ ಕೇಳಿದರು. ಅವರ ಧ್ವನಿಯಲ್ಲಿ ಸಂತೋಷ ಇರಬೇಕಿತ್ತು. ಬಂದದ್ದು ಗುಮಾನಿ.

"ಹೊಸದು ಅಂದ್ರೆ ಹೊಸದು. ಸೂಪಿಗೆ ಏನೋ, ಕೋಳಿಗೆ ಏನೋ. ಎಷ್ಟು ದಿನ ಅಂತ ಅದನ್ನೇ ತಿನ್ನೋದು?"

"ಅದನ್ನೇ ತಿನ್ನಬೇಕು ಅಂತ ನೀವೇ ಅಲ್ವಾ ಅಕ್ಕ ಹೇಳ್ತಿದ್ದಿದ್ದು?"

"ಹೇಳ್ತಿದ್ದೆ. ಈಗ ಹೇಳ್ತಿಲ್ಲ."

ದೊಡ್ಡಪ್ಪ ಪತ್ರಿಕೆಯಿಂದ ತಲೆ ಎತ್ತದೆ "ಚೆನ್ನಾಗಿರುತ್ತೆ" ಎಂದರು. ಅವರು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತರಾದವರು. ಓದುವುದಷ್ಟೇ ತಮ್ಮ ಕೆಲಸ, ಅಭಿಪ್ರಾಯ ಬೇರೆ ಇಲಾಖೆಗೆ ಸೇರಿದ್ದು ಎಂದು ನಂಬಿ ಸಂಸಾರವನ್ನೂ ಹಾಗೇ ಸಾಗಿಸಿದ್ದರು.

ನಿಜ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನಿಗೆ ರುಚಿ ಹೋಗಿತ್ತು. ಅಭಿರುಚಿ ಅಲ್ಲ, ನಾಲಿಗೆಯ ರುಚಿ.

ಮಳೆಗಾಲದಲ್ಲಿ ಬಂದ ಜ್ವರ ಹೋಗುವಾಗ ರುಚಿ, ವಾಸನೆ ಎರಡನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಅದು ಅವರಿಗೆ ತಿಳಿದದ್ದು ಲಾಂಡ್ರಿಯಲ್ಲಿ. ಬ್ಲೀಚಿನ ಡ್ರಮ್ಮಿನ ಮುಚ್ಚಳ ಯಾರೋ ತೆರೆದಿಟ್ಟು ಹೋಗಿದ್ದರು. ಒಳಗಿದ್ದವರೆಲ್ಲ ಕಣ್ಣು ಮೂಗು ಒರೆಸಿಕೊಳ್ಳುತ್ತ ಅಂಗಳಕ್ಕೆ ಓಡಿದರು. ದೊಡ್ಡಮ್ಮ ಮಾತ್ರ ಹಾಸಿಗೆ ಬಟ್ಟೆಯನ್ನು ದಿಂಬಿನ ಚೀಲದಿಂದ ಬೇರೆ ಮಾಡುತ್ತ, ಕಣ್ಣಲ್ಲಿ ನೀರು ಸುರಿಸುತ್ತ ನಿಂತಿದ್ದರು. ಅವರ ಕರ್ತವ್ಯನಿಷ್ಠೆಯನ್ನು ಮೆಚ್ಚಿ ಮ್ಯಾನೇಜರು ಆ ವಾರ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಬರೆಸಿದರು.

ಡಾಕ್ಟರು ಟಾರ್ಚು ಹಾಕಿ ನೋಡಿ, "ಮೂಗಲ್ಲೇನೂ ತೊಂದರೆ ಇಲ್ಲ, ವಾಸನೆ ಗೊತ್ತಾಗ್ತಿಲ್ಲ ಅಷ್ಟೇ. ನಾಲಿಗೇನೂ ಚೆನ್ನಾಗಿದೆ, ರುಚಿ ಗೊತ್ತಾಗ್ತಿಲ್ಲ ಅಷ್ಟೇ" ಎಂದರು. "ಬರಬಹುದು. ಬರದೇನೂ ಇರಬಹುದು."

"ಯಾವಾಗ?" ಎಂದು ದೊಡ್ಡಮ್ಮ ಕೇಳಿದರು.

"ಬಂದಾಗ" ಎಂದರು ಡಾಕ್ಟರು. ಅಷ್ಟು ಖಚಿತವಾದ ಉತ್ತರವನ್ನು ದೊಡ್ಡಮ್ಮ ಆಸ್ಪತ್ರೆಯಲ್ಲಿ ಕೇಳಿದ್ದೇ ಮೊದಲು.

ಬೇರೆಯವರಾಗಿದ್ದರೆ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು. ದೊಡ್ಡಮ್ಮ ಹೇಳದಿರಲು ಕಾರಣ ಅವರ ಅತ್ತೆ. ಈ ಮನೆಯಲ್ಲಿ ಅತ್ತೆ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ದೊಡ್ಡೂಟದ ದಿನ ಪ್ರತಿ ಪಾತ್ರೆಯೂ ಮೇಜಿಗೆ ಬಂದ ಮೇಲೆ ಅಡುಗೆಯ ಯಜಮಾನಿ ನಿಂತುಕೊಂಡೇ ಒಂದು ಚಮಚ ರುಚಿ ನೋಡಿ "ಬಡಿಸಬಹುದು" ಎನ್ನಬೇಕು. ಅಲ್ಲಿಯವರೆಗೆ ಯಾರೂ ಬಾಯಿಗೆ ಹಾಕುವ ಹಾಗಿಲ್ಲ. ಅಡುಗೆಮನೆಯಲ್ಲಿ ಸಹಾಯಕ್ಕೆ ನಿಂತವರೂ ನೆಕ್ಕಿ ನೋಡುವ ಹಾಗಿಲ್ಲ. ಅತ್ತೆಗೆ ವಯಸ್ಸಾದ ಮೇಲೆ ಒಂದು ವರ್ಷ ಸೂಪಿಗೆ ಎರಡೆರಡು ಸಲ ಉಪ್ಪು ಬಿದ್ದಿತ್ತು. ಅತ್ತೆ ರುಚಿ ನೋಡಿ ನೆಮ್ಮದಿಯಾಗಿ "ಬಡಿಸಬಹುದು" ಎಂದಿದ್ದರು. ಯಾರೂ ಒಂದು ಮಾತು ಬೈಯಲಿಲ್ಲ. ಎಲ್ಲರೂ ತುಂಬ ಪ್ರೀತಿಯಿಂದ, "ನೀವು ಕೂತ್ಕೊಳ್ಳಿ ಅತ್ತೆ, ಸಾಕು ನೀವು ಮಾಡಿದ್ದು" ಎಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟರು. ಆಮೇಲೆ ಅತ್ತೆ ಬದುಕಿದ್ದಷ್ಟು ದಿನ ಅಲ್ಲೇ ಕೂತಿದ್ದರು. ಅವರನ್ನು ಯಾರಾದರೂ ಏನಾದರೂ ಕೇಳಿದರೆ ಅದು "ಗಾಳಿ ಬರ್ತಿದೆಯಾ, ಕಿಟಕಿ ಹಾಕ್ಲಾ?" ಎಂಬುದಷ್ಟೇ.

ದೊಡ್ಡಮ್ಮನಿಗೆ ಸಾಯುವ ಭಯ ಇರಲಿಲ್ಲ. ಆ ಕುರ್ಚಿಯ ಭಯ ಇತ್ತು.

ಹೊಸತನದ ಉಪಾಯ ಹೊಳೆದದ್ದು ಅದರಿಂದಲೇ. ಹಳೆಯ ಅಡುಗೆ ಕೆಟ್ಟರೆ ಮೊದಲ ತುತ್ತಿಗೇ ಎಲ್ಲರಿಗೂ ತಿಳಿಯುತ್ತದೆ. ಪ್ರತಿಯೊಬ್ಬರ ನಾಲಿಗೆಯಲ್ಲೂ ಹೋದ ವರ್ಷದ್ದು ಕೂತಿರುತ್ತದೆ. ಹೊಸ ಅಡುಗೆಗೆ ಹೋದ ವರ್ಷವೇ ಇಲ್ಲ. ಅದು ಕೆಟ್ಟಿದೆಯೋ ಅಥವಾ ಅದರ ಸ್ವಭಾವವೇ ಹಾಗೋ ಎಂದು ಯಾರು ಹೇಳಬೇಕು?

ಹೀಗೆ ಇಡೀ ಮನೆತನದಲ್ಲಿ ಬದಲಾವಣೆಯ ಬಾವುಟ ಹಿಡಿದವರು ದೊಡ್ಡಮ್ಮ ಆದರು. ಆ ಕ್ಷಣದಿಂದಲೇ ಸಂಪ್ರದಾಯದ ರಕ್ಷಣೆಗೆ ಚಿಕ್ಕಮ್ಮ ಸೊಂಟ ಕಟ್ಟಿದರು. ಯಾರಾದರೊಬ್ಬರು ಆ ಕಡೆ ನಿಲ್ಲಲೇಬೇಕಿತ್ತು, ಇಲ್ಲದಿದ್ದರೆ ಇಬ್ಬರಿಗೂ ಮಾತಾಡಲು ವಿಷಯವೇ ಇರುತ್ತಿರಲಿಲ್ಲ.

"ಅತ್ತೆ ಮಾಡ್ತಿದ್ದ ಅಡುಗೆ ಅದು ಅಕ್ಕ. ಅದಕ್ಕೊಂದು ಗೌರವ ಬೇಡ್ವಾ?" ಎಂದರು ಫೋನಿನಲ್ಲಿ.

"ಪುದೀನ ಹಾಕಿದಾಗ ಎಲ್ಲಿತ್ತಮ್ಮ ಗೌರವ?"

"ಅದು ಎಲೆ. ತೆಗೆದ್ರೆ ಹೋಯ್ತು. ನೀವು ಒಳಗೇ ಕೈ ಹಾಕ್ತಿದೀರ."

"ಬೇಕಿದ್ರೆ ನೀನು ಬಂದು ಒಂದು ಹಳೇದು ಮಾಡು. ಯಾರು ಬೇಡ ಅಂದ್ರು?"

"ಮಾಡ್ತೀನಿ. ಕಸ್ಟರ್ಡು ನಂದು. ಅತ್ತೆ ಹೇಗೆ ಮಾಡ್ತಿದ್ರೋ ಹಾಗೇ. ಒಂದು ಕಾಳು ಆಚೆ ಈಚೆ ಆಗಲ್ಲ."

ದೊಡ್ಡಮ್ಮ ಫೋನು ಇಟ್ಟು, ಹೊಸ ಸಾಮಾನು ತರಲು ಮಾರುಕಟ್ಟೆಗೆ ಹೋದರು. ನಾಲಿಗೆಗೆ ಗೊತ್ತಾಗದಿದ್ದರೂ ಹಲ್ಲಿಗೆ ಗೊತ್ತಾಗುವ, ಕಣ್ಣಿಗೆ ಕಾಣುವ ವಸ್ತುಗಳನ್ನೇ ಆರಿಸಿದರು. ಸೂಪಿನ ಮೇಲೆ ಉದುರಿಸಲು ಹುರಿದ ಸೂರ್ಯಕಾಂತಿ ಬೀಜ, ಕಟುಂ ಎನ್ನುತ್ತದೆ. ಹುರುಳಿಕಾಯಿಗೆ ದಾಳಿಂಬೆ, ಕೆಂಪಗೆ ಕಾಣುತ್ತದೆ. ಆಲೂಗಡ್ಡೆಗೆ ಕಿತ್ತಳೆ ಸಿಪ್ಪೆಯ ತುರಿ, ಮಾರುವವಳು ಚೆನ್ನಾಗಿರುತ್ತೆ ಅಂದಳು. ಕೋಳಿಗೆ ಒಣದ್ರಾಕ್ಷಿ, ಬೆಂದಾಗ ಉಬ್ಬಿ ಗುಂಡಗಾಗುತ್ತದೆ, ಎಣಿಸಿ ಬಡಿಸಬಹುದು.

ಮನೆಯಲ್ಲಿ ಎರಡು ಸಲ ಮಾಡಿ ನೋಡಿ ದೊಡ್ಡಪ್ಪನಿಗೆ ಕೊಟ್ಟರು.

"ಹೇಗಿದೆ?"

"ಚೆನ್ನಾಗಿದೆ."

"ಉಪ್ಪು?"

"ಚೆನ್ನಾಗಿದೆ."

ಪರೀಕ್ಷೆಗೆಂದು ಬೇಯಿಸದ ಆಲೂಗಡ್ಡೆಯ ಒಂದು ಹೋಳು ಕೊಟ್ಟರು. ದೊಡ್ಡಪ್ಪ ಅಗಿದು ಅಗಿದು ನುಂಗಿ, ಸ್ವಲ್ಪ ಯೋಚಿಸಿ, "ಚೆನ್ನಾಗಿದೆ" ಎಂದರು. ನಿಂತುಹೋದ ಮೀಟರಿನಲ್ಲೂ ಒಂದು ಅಂಕಿ ಕಾಣುತ್ತಲೇ ಇರುತ್ತದೆ. ಅದನ್ನು ನಂಬಿ ನೀರು ಬಿಡುವುದು ಕಷ್ಟ.

ರಜೆಯ ದಿನ ಬೆಳಿಗ್ಗೆ ದೊಡ್ಡಮ್ಮ ವಾಡಿಕೆಯಂತೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಒರೆಸಿ ತುಂಬಲು ಕೂತರು. ಎಲ್ಲವೂ ಒಂದೇ ಅಳತೆಯ ಬಿಳಿ ಡಬ್ಬಿಗಳು. ಮೇಲೆ ಹೆಸರಿಲ್ಲ. ಚೀಟಿ ಅಂಟಿಸಿಕೊಡುತ್ತೇನೆ ಎಂದು ಚಿಕ್ಕಮ್ಮ ಹಿಂದೆ ಬಂದಾಗ, "ನಾಲಿಗೆ ಇರೋರಿಗೆ ಚೀಟಿ ಯಾಕೆ?" ಎಂದು ಕಳಿಸಿದ್ದರು. ಉಪ್ಪಿನ ಡಬ್ಬಿ ಎಡಕ್ಕೆ, ಸಕ್ಕರೆಯದು ಬಲಕ್ಕೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮೂಲೆಯಂಗಡಿಯವನು ಉಪ್ಪು, ಸಕ್ಕರೆ ಎರಡನ್ನೂ ತೂಗಿ ಒಂದೇ ಬಗೆಯ ಕಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದ. ಎರಡೂ ಸಣ್ಣಗೆ, ಬೆಳ್ಳಗೆ. ದೊಡ್ಡಮ್ಮ ಬೆರಳದ್ದಿ ನಾಲಿಗೆಗೆ ತಾಗಿಸಿದರು. ನಾಲಿಗೆ ಏನೂ ಹೇಳಲಿಲ್ಲ. ಇನ್ನೊಂದನ್ನು ತಾಗಿಸಿದರು. ಅದೇ ಮೌನ.

ಒಳಗಿನ ಕೋಣೆಯಲ್ಲಿ ದೊಡ್ಡಪ್ಪ ಇದ್ದರು. ಆದರೆ ಯಜಮಾನಿಯಾದವಳು ಗಂಡನನ್ನು "ಉಪ್ಪು ಹೇಗಿದೆ?" ಎಂದು ಕೇಳಬಹುದು, "ಇದು ಉಪ್ಪೇನ್ರೀ?" ಎಂದು ಕೇಳಲು ಬರುವುದಿಲ್ಲ. ಇರುವೆಗಳನ್ನು ಕೇಳಬಹುದಿತ್ತು. ಅವು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಆದರೆ ನೆಂಟರು ಬರುತ್ತಾರೆಂದು ಹಿಂದಿನ ವಾರವಷ್ಟೇ ಔಷಧಿ ಹೊಡೆಸಿ ಒಂದೂ ಇರುವೆ ಉಳಿಯದ ಹಾಗೆ ಮಾಡಿದ್ದರು.

ದೊಡ್ಡಮ್ಮ ಎರಡು ಪೊಟ್ಟಣವನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಬಟ್ಟೆಯ ರಾಶಿಯಲ್ಲಿ ಯಾವುದು ಯಾವ ವಾರ್ಡಿನದೆಂದು ದೂರದಿಂದಲೇ ಹೇಳುವ ಕಣ್ಣು ಅವರದು. ಹೆಚ್ಚು ಹೊಳೆಯುವುದೇ ಉಪ್ಪು ಎಂದು ತೀರ್ಮಾನಿಸಿ ಎಡಗಡೆಯ ಡಬ್ಬಿಗೆ ಸುರಿದರು. ಆಮೇಲೆ ಕೋಳಿಗೆ ನೀರಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಹಾಲು, ಮೊಟ್ಟೆ, ಮತ್ತು ಒಂದು ಬಗೆಯ ಗಾಂಭೀರ್ಯವನ್ನು ತೆಗೆದುಕೊಂಡು ಬಂದರು. ಒಲೆಯ ಒಂದು ಬದಿ ಅವರಿಗೆ ಬಿಟ್ಟುಕೊಡಲಾಯಿತು.

"ಸಕ್ಕರೆ ಬಲಗಡೆ ತಾನೇ?"

"ಇನ್ನೆಲ್ಲಿರುತ್ತೆ?"

ಚಿಕ್ಕಮ್ಮ ಅಳೆದು ಹಾಕಿದರು. ಅತ್ತೆಯ ಅಳತೆ ಧಾರಾಳದ್ದು. ಕಡೆಯುತ್ತ ಕಡೆಯುತ್ತ ಅವರ ಕಣ್ಣು ಪಕ್ಕದ ಪಾತ್ರೆಯ ಮೇಲಿತ್ತು. ಕೋಳಿಯ ನಡುವೆ ದ್ರಾಕ್ಷಿಗಳು ಮೇಲೆದ್ದು ಮುಳುಗುತ್ತಿದ್ದವು. ಅವರು ಏನೂ ಹೇಳಲಿಲ್ಲ. ಹೇಳದಿರುವುದು ಗೊತ್ತಾಗುವ ಹಾಗೆ ಹೇಳಲಿಲ್ಲ.

ಸಂಜೆ ಎಲ್ಲರೂ ಮೇಜಿಗೆ ಬಂದರು. ದೊಡ್ಡಪ್ಪ, ಚಿಕ್ಕಪ್ಪ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ದೊಡ್ಡಮ್ಮನ ಮಗಳು, ಅವಳ ಗಂಡ. ಅಳಿಯನಿಗೆ ಇದು ಮೊದಲ ದೊಡ್ಡೂಟ. ಅವನು ವಿಮೆ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ನೋಡುವವನು. ಯಾವುದನ್ನೂ ಥಟ್ಟನೆ ಒಪ್ಪುವವನಲ್ಲ, ಥಟ್ಟನೆ ತಳ್ಳಿಹಾಕುವವನೂ ಅಲ್ಲ.

ಸೂಪು ಬಂತು. ದೊಡ್ಡಮ್ಮ ನಿಂತು ಒಂದು ಚಮಚ ಬಾಯಿಗೆ ಹಾಕಿದರು. ಬಿಸಿಯಾಗಿತ್ತು, ಬೀಜ ಕಟುಂ ಎಂದಿತು. "ಬಡಿಸಬಹುದು."

ಮೊದಲ ಗುಟುಕಿಗೆ ಮೇಜಿನ ಸುತ್ತ ಚಮಚಗಳು ಒಂದು ಕ್ಷಣ ನಿಂತವು. ಆಮೇಲೆ ಒಂದೊಂದಾಗಿ ಮತ್ತೆ ಚಲಿಸಿದವು.

"ಡಿಫರೆಂಟ್ ಆಗಿದೆ ಅಮ್ಮ" ಎಂದಳು ಮಗಳು.

ಡಿಫರೆಂಟ್ ಎನ್ನುವುದು ಬಹಳ ಉಪಕಾರಿ ಪದ. ಅದನ್ನು ಹೇಳಿದವರು ಸುಳ್ಳು ಹೇಳಿದಂತಾಗುವುದಿಲ್ಲ, ಕೇಳಿದವರಿಗೆ ಬೇಜಾರಾಗುವುದಿಲ್ಲ. ಆಲೂಗಡ್ಡೆ ಬಂದಾಗ ಚಿಕ್ಕಪ್ಪನೂ ಅದನ್ನೇ ಎರವಲು ಪಡೆದರು. ಚಿಕ್ಕಪ್ಪ ಲಿಫ್ಟ್ ರಿಪೇರಿ ಮಾಡುವವರು, ಜೀವನದಲ್ಲಿ ಏರಿಳಿತ ಕಂಡವರು. ಆದರೂ ಆಲೂಗಡ್ಡೆಯ ಎರಡನೇ ಹೋಳು ಅವರ ಗಂಟಲಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಂತೆ ಕಂಡಿತು. ನೀರು ಕುಡಿದು ಇಳಿಸಿದರು.

ಕೋಳಿ ಬಂದಾಗ ಅಳಿಯ ಒಂದು ತುಂಡನ್ನು ನಿಧಾನವಾಗಿ ಅಗಿದು, ಹೆಂಡತಿಯ ಕಡೆ ಬಾಗಿ, "ನಿಮ್ಮನೇಲಿ ಕೋಳಿ ಸಿಹಿ ಮಾಡ್ತಾರೆ ಅಂತ ನೀನು ಹೇಳೇ ಇರ್ಲಿಲ್ಲ" ಎಂದ.

"ಹೊಸದು" ಎಂದು ಅವಳು ಪಿಸುಗುಟ್ಟಿದಳು. "ಸುಮ್ನೆ ತಿನ್ನು."

ಅವನು ತಿಂದ. ಇನ್ನೊಂದು ತುಂಡನ್ನೂ ಹಾಕಿಸಿಕೊಂಡ. ಹೊಸ ಅಳಿಯನ ಕಷ್ಟ ಹಾಗೆ.

ಚಿಕ್ಕಮ್ಮ ಎಲ್ಲವನ್ನೂ ತಟ್ಟೆ ಖಾಲಿಯಾಗುವ ತನಕ ತಿಂದರು. ಅವರ ಮುಖದಲ್ಲಿ ಗೆದ್ದವರ ಲಕ್ಷಣ ಇರಲಿಲ್ಲ. ಇಷ್ಟು ವರ್ಷ ತಾನು ಬೇಕೆಂದು ಕೇಳಿದ ಹೊಸತನ ಇದೇ ಆಗಿದ್ದರೆ, ಅಕ್ಕ ಬೇಡವೆಂದದ್ದೇ ಸರಿಯೇನೋ ಎಂಬ ಯೋಚನೆಯಲ್ಲಿದ್ದಂತೆ ಕಂಡರು. ದೊಡ್ಡಮ್ಮ ಆ ಮುಖ ನೋಡಿದರು. ಉಪಾಯ ಫಲಿಸಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಓರಗಿತ್ತಿಯ ಸೋತ ಮುಖ ನೋಡಿ, ಪಾಪ, ಇವಳಿಗೂ ಒಂದು ಒಳ್ಳೆ ಮಾತು ಹೇಳಬಾರದೇ ಎನ್ನಿಸಿತು. ಗೆದ್ದಾಗ ಧಾರಾಳವಾಗುವುದು ಸುಲಭ.

ಕಸ್ಟರ್ಡು ಬಂತು. ಹಳದಿಗೆ, ನುಣ್ಣಗೆ, ಮೇಲೆ ಒಂದು ಗುಳ್ಳೆಯೂ ಇಲ್ಲದ ಹಾಗೆ. ದೊಡ್ಡಮ್ಮ ದೊಡ್ಡ ಚಮಚವನ್ನೇ ತೆಗೆದುಕೊಂಡು ತುಂಬಿಸಿ ಬಾಯಿಗೆ ಹಾಕಿದರು. ತಣ್ಣಗಿತ್ತು. ಕಣ್ಣು ಮುಚ್ಚಿ, ತೆರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅತ್ತೆ ಮಾಡಿದ ಹಾಗೇ ಇದೆ ಕಣೆ. ಅವರೇ ಎದ್ದು ಬಂದು ಮಾಡಿದ ಹಾಗಿದೆ. ಬಡಿಸಬಹುದು."

ಚಿಕ್ಕಮ್ಮನ ಕಣ್ಣು ತುಂಬಿತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವರಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಉಳಿದವರೆಲ್ಲ ಒಟ್ಟಿಗೇ ಚಮಚ ಬಾಯಿಗಿಟ್ಟರು. ಆಮೇಲೆ ಯಾರೂ ಏನೂ ಮಾಡಲಿಲ್ಲ. ಮಗಳು ನೀರಿನ ಜಗ್ಗನ್ನು ನೋಡಿದಳು. ಅಳಿಯ ಹೆಂಡತಿಯನ್ನು ನೋಡಿದ. ಚಿಕ್ಕಪ್ಪ ಬಾಯಿ ಮುಚ್ಚಿಕೊಂಡು, ಕರೆಂಟು ಹೋದ ಲಿಫ್ಟಿನ ಹಾಗೆ ಇದ್ದಲ್ಲೇ ನಿಂತುಬಿಟ್ಟರು. ದೊಡ್ಡಪ್ಪ ಮಾತ್ರ ನುಂಗಿ, "ಚೆನ್ನಾಗಿದೆ" ಎಂದರು. ಆದರೆ ಅವರ ಕಣ್ಣಿನಲ್ಲೂ ನೀರಿತ್ತು.

ಕೊನೆಗೆ ಚಿಕ್ಕಮ್ಮ ತಾವೂ ಒಂದು ಚಮಚ ತಿಂದರು. ಚಮಚವನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು, ಅಡುಗೆಮನೆಗೆ ಹೋದರು.

ದೊಡ್ಡಮ್ಮ ಹಿಂದೆಯೇ ಹೋದಾಗ ಅವರು ನಲ್ಲಿ ಬಿಟ್ಟುಕೊಂಡು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು.

"ಯಾಕಕ್ಕ ಹಾಗೆ ಹೇಳಿದ್ರಿ?"

"ಹೇಗೆ ಹೇಳಿದೆ?"

"ಅತ್ತೆ ಮಾಡಿದ ಹಾಗಿದೆ ಅಂತ. ಬರೀ ಉಪ್ಪು ಅಕ್ಕ ಅದು. ಸಕ್ಕರೆ ಅಂದ್ಕೊಂಡು ಅಷ್ಟೂ ಉಪ್ಪು ಸುರಿದಿದೀನಿ ನಾನು. ಬಾಯಿಗೆ ಇಡೋಕಾಗಲ್ಲ. ನೀವು ಅಷ್ಟು ದೊಡ್ಡ ಚಮಚ ನುಂಗಿ, ಮುಖದಲ್ಲಿ ಒಂದು ಗೆರೇನೂ ಅಲ್ಲಾಡಿಸದೆ, ನನ್ನ ಮರ್ಯಾದೆ ಉಳಿಸಿದ್ರಿ. ನಾನು ನಿಮ್ಮ ಬಗ್ಗೆ ಊರೆಲ್ಲ ಏನೇನು ಹೇಳ್ಕೊಂಡು ಓಡಾಡ್ತಿದ್ದೆ ಗೊತ್ತಾ?"

"ಗೊತ್ತು" ಎಂದರು ದೊಡ್ಡಮ್ಮ. ಅವರ ಗಮನ ಬೇರೆ ಕಡೆ ಇತ್ತು. ಬಲಗಡೆಯ ಡಬ್ಬಿಯಲ್ಲಿದ್ದದ್ದು ಉಪ್ಪು. ಹಾಗಾದರೆ ಎಡಗಡೆಯದರಲ್ಲಿ ಇದ್ದದ್ದು ಏನು? ಎಡಗಡೆಯದನ್ನು ಸೂಪಿಗೆ ಹಾಕಿದ್ದರು. ಆಲೂಗಡ್ಡೆಗೆ ಹಾಕಿದ್ದರು. ಹುರುಳಿಕಾಯಿಗೆ. ಕೋಳಿಗೆ ಮೂರು ಸಲ.

"ಲೇ, ಸೂಪು ಹೇಗಿತ್ತೇ?"

"ಈಗ್ಯಾಕೆ ಅದು?"

"ಹೇಳು."

"ಸಿಹಿ."

"ಕೋಳಿ?"

"ಸಿಹಿ ಅಕ್ಕ. ಎಲ್ಲಾ ಸಿಹಿ. ನೀವು ಹೊಸದು ಅಂದಿದ್ರಲ್ಲ, ಈಗ ಹೀಗೇ ಇರಬೇಕು ಅಂತ ಎಲ್ರೂ ತಿಂದ್ವಿ." ಚಿಕ್ಕಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನಿಮ್ಮದು ಏನಿದ್ರೂ ಬೇಕು ಅಂತ ಮಾಡಿದ್ದು. ನನ್ನ ಹಾಗೆ ಡಬ್ಬಿ ನೋಡದೆ ಸುರಿದಿದ್ದಲ್ಲ. ಸಾಕು ಅಕ್ಕ ನನಗೆ. ಮುಂದಿನ ವರ್ಷದಿಂದ ನಾನು ಅಡುಗೆಮನೆ ಕಡೆ ಬರೋದೇ ಇಲ್ಲ. ಹೊರಗೆ ಕಿಟಕಿ ಹತ್ರ ಕೂತಿರ್ತೀನಿ, ಏನಾದ್ರೂ ಬೇಕಿದ್ರೆ ಕೂಗಿ."

ದೊಡ್ಡಮ್ಮ ಸುಮ್ಮನಿದ್ದಿದ್ದರೆ ಸಾಕಿತ್ತು. ದೊಡ್ಡೂಟ ಉಳಿಯುತ್ತಿತ್ತು, ಗುಟ್ಟು ಉಳಿಯುತ್ತಿತ್ತು, ಮೇಲೆ ಧರ್ಮಾತ್ಮಳು ಎಂಬ ಹೆಸರೂ ಪುಕ್ಕಟೆ ಸಿಗುತ್ತಿತ್ತು. ಆ ಕುರ್ಚಿಗೆ ಬೇರೊಬ್ಬರು ತಾವಾಗಿಯೇ ಹೋಗಿ ಕೂರಲು ಸಿದ್ಧರಾಗಿದ್ದರು. ಇದಕ್ಕಿಂತ ಸಲೀಸಾದ ಗೆಲುವು ಇರಲಿಲ್ಲ. ದೊಡ್ಡಮ್ಮ ಎರಡು ಬಿಳಿ ಡಬ್ಬಿಗಳನ್ನೂ, ಬೆನ್ನು ಬಾಗಿಸಿ ಲೋಟ ತೊಳೆಯುತ್ತಿದ್ದ ಓರಗಿತ್ತಿಯನ್ನೂ ನೋಡಿದರು. ತಾನು ಮಾಡಿದ ಕಲೆ ಬೇರೆಯವರ ಬಟ್ಟೆಯ ಮೇಲೆ ಕೂತಿದೆ. ಅದನ್ನು ನೋಡಿಕೊಂಡು ಸುಮ್ಮನಿರುವುದು ಲಾಂಡ್ರಿಯವಳಿಗೆ ಸಾಧ್ಯವಾಗಲಿಲ್ಲ.

"ಡಬ್ಬಿ ತಪ್ಪು ತುಂಬಿದ್ದು ನಾನು" ಎಂದರು. "ನಂಗೆ ರುಚಿ ಗೊತ್ತಾಗಲ್ಲ. ಜ್ವರ ಬಂದು ಹೋದಾಗಿಂದ."

"ಬಿಡಿ ಅಕ್ಕ. ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಸುಳ್ಳು ಹೇಳಬೇಡಿ."

"ಸುಳ್ಳಲ್ಲ ಕಣೆ."

"ನೀವು ದೊಡ್ಡವರು. ಅದಕ್ಕೇ ನಿಮ್ಮನ್ನ ದೊಡ್ಡಮ್ಮ ಅನ್ನೋದು."

"ನಿನ್ನ ಗಂಡನ ಅಣ್ಣನ ಹೆಂಡತಿ ಆಗಿರೋದಕ್ಕೆ ಅನ್ನೋದು. ಇಲ್ಲಿ ನೋಡು."

ದೊಡ್ಡಮ್ಮ ಬಲಗಡೆಯ ಡಬ್ಬಿ ತೆಗೆದು, ಒಂದು ಚಮಚ ಬಿಳಿ ಪುಡಿಯನ್ನು ತುಂಬಿ, ಬಾಯಿಗೆ ಹಾಕಿಕೊಂಡು, ಮಿಠಾಯಿ ತಿನ್ನುವವರಂತೆ ಚಪ್ಪರಿಸಿದರು. ಚಿಕ್ಕಮ್ಮ ನೋಡುತ್ತಿದ್ದರು. ದೊಡ್ಡಮ್ಮ ಇನ್ನೊಂದು ಚಮಚಕ್ಕೆ ಕೈ ಹಾಕಿದಾಗ ಡಬ್ಬಿ ಕಿತ್ತುಕೊಂಡರು.

"ಉಗೀರಿ. ಉಗೀರಿ ಮೊದ್ಲು. ಬಿಪಿ ಮಾತ್ರೆ ತಗೋತೀರ, ಉಪ್ಪು ತಿಂತೀರ. ನೀರು ಕುಡೀರಿ."

ದೊಡ್ಡಮ್ಮ ಉಗಿದು, ಬಾಯಿ ತೊಳೆದು, ನೀರು ಕುಡಿದರು. ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ತಾವೇ ಕೂತರು.

"ಯಾರಿಗೂ ಹೇಳಲಿಲ್ವಾ?"

"ಹೇಳಿದ್ರೆ ಏನು ಮಾಡ್ತಿದ್ರಿ? ಕೂತ್ಕೊಳ್ಳಿ ಅಂತಿದ್ರಿ."

ಚಿಕ್ಕಮ್ಮ ಇಲ್ಲ ಎನ್ನಲಿಲ್ಲ. ಅತ್ತೆಯ ಬೆನ್ನಿಗೆ ದಿಂಬು ತಂದುಕೊಟ್ಟವರು ಅವರೇ, ಅದನ್ನು ಒತ್ತಿ ಸರಿಮಾಡಿದವರು ದೊಡ್ಡಮ್ಮ. ಇಬ್ಬರೂ ಒಂದಾಗಿ ಮಾಡಿದ ಕೆಲಸ ಅದೊಂದೇ.

"ಈಗ ಹೊರಗೆ ಏನು ಹೇಳೋದು?" ಎಂದರು ಚಿಕ್ಕಮ್ಮ.

"ನಾನೇ ಹೇಳ್ತೀನಿ."

ದೊಡ್ಡಮ್ಮ ಹೋಗಿ ತಮ್ಮ ಜಾಗದಲ್ಲಿ ನಿಂತರು. ರುಚಿ ನೋಡುವ ಚಮಚ ಕೈಯಲ್ಲೇ ಇತ್ತು. ಎಲ್ಲರ ಮುಂದೆಯೂ ಕಸ್ಟರ್ಡಿನ ಬಟ್ಟಲು ತುಂಬಿದ ಹಾಗೇ ಇತ್ತು.

"ನನಗೆ ರುಚಿ ಹೋಗಿದೆ, ವಾಸನೇನೂ ಹೋಗಿದೆ. ಕೋಳಿಗೆ ಸಕ್ಕರೆ ಬಿದ್ದಿದೆ, ಕಸ್ಟರ್ಡಿಗೆ ಉಪ್ಪು. ಇವಳದೇನೂ ತಪ್ಪಿಲ್ಲ, ಡಬ್ಬಿ ತುಂಬಿದ್ದು ನಾನು. ಹೊಸದು ಗಿಸದು ಎಲ್ಲ ಅದನ್ನ ಮುಚ್ಚೋಕೆ ಮಾಡಿದ್ದು."

ಅಳಿಯ ಅತ್ಯಂತ ವಿನಯದಿಂದ, "ಹಾಗಾದ್ರೆ ಇದು ನಿಮ್ಮ ಮನೆ ಪದ್ಧತಿ ಅಲ್ವಾ ಅತ್ತೆ?" ಎಂದು ಕೇಳಿದ. ಅಲ್ಲ ಎಂದಾಗ ಅವನ ಭುಜಗಳು ಸಡಿಲಾದವು. ಇನ್ನುಳಿದ ದಾಂಪತ್ಯದ ಬಗ್ಗೆ ಅವನಿಗೆ ಒಂದು ಧೈರ್ಯ ಬಂದ ಹಾಗಿತ್ತು.

"ನೀವ್ಯಾಕ್ರೀ ಹೇಳಲಿಲ್ಲ?" ಎಂದು ದೊಡ್ಡಮ್ಮ ಗಂಡನನ್ನು ಕೇಳಿದರು. "ಹಸಿ ಆಲೂಗಡ್ಡೆ ಕೊಟ್ರೂ ಚೆನ್ನಾಗಿದೆ, ಕಸ್ಟರ್ಡು ಉಪ್ಪಿದ್ರೂ ಚೆನ್ನಾಗಿದೆ?"

"ನೀನು ನಿಂತ್ಕೊಂಡು ಕೇಳ್ತೀಯಲ್ಲ" ಎಂದರು ದೊಡ್ಡಪ್ಪ. "ಬೆಳಗಿನಿಂದ ನಿಂತಿರೋಳಿಗೆ ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು?"

ಇದು ಅವರು ಆ ಮನೆಯಲ್ಲಿ ಆಡಿದ ಅತಿ ಉದ್ದದ ಮಾತು. ಆಡಿದ ಮೇಲೆ ಅವರಿಗೇ ಸಂಕೋಚವಾಗಿ, ಕಸ್ಟರ್ಡಿನ ಬಟ್ಟಲನ್ನು ತುಸು ದೂರ ಸರಿಸಿದರು.

ಅಷ್ಟರಲ್ಲಿ ಚಿಕ್ಕಪ್ಪ ಎದ್ದು, ಕಿಟಕಿ ಪಕ್ಕದ ಕುರ್ಚಿಯನ್ನು ಪ್ರೀತಿಯಿಂದ ಎಳೆದು, ಧೂಳು ಕೊಡವಿದರು.

"ಅತ್ತಿಗೆ, ಇಷ್ಟೊತ್ತು ನಿಂತಿದೀರ. ಬನ್ನಿ, ಕೂತ್ಕೊಳ್ಳಿ. ಇನ್ನೇನಿದ್ರೂ ಇವಳು ನೋಡ್ಕೋತಾಳೆ."

ದೊಡ್ಡಮ್ಮ ಕುರ್ಚಿಯನ್ನು ನೋಡಿದರು. ಚಮಚ ಹಿಡಿದ ಕೈ ಕೆಳಗಿಳಿಯಿತು. ಚಿಕ್ಕಪ್ಪನ ಮುಖದಲ್ಲಿ ಒಂದಿಷ್ಟೂ ಕೆಟ್ಟತನ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಯನ್ನು ತಿರುಗಿ ಬೈಯಲು ಬರುವುದಿಲ್ಲ. ಒಂದು ಹೆಜ್ಜೆ ಆ ಕಡೆ ಇಟ್ಟರು.

"ನಾನೇನು ನೋಡ್ಕೊಳ್ಳಲಿ?" ಅಡುಗೆಮನೆಯ ಬಾಗಿಲಿನಿಂದ ಚಿಕ್ಕಮ್ಮನ ಧ್ವನಿ ಬಂತು. "ಆ ಕೋಳಿ ಮೂಳೆ ಬಿಡೋ ಹಾಗೆ ಬೇಯಿಸೋಕೆ ನಂಗೆಲ್ಲಿ ಬರುತ್ತೆ? ಎಲೆ ತೇಲಿಬಿಡೋದಷ್ಟೇ ನಂಗೆ ಗೊತ್ತು. ಅಕ್ಕ, ಒಳಗೆ ಬನ್ನಿ. ಅರ್ಧ ಪಾತ್ರೆ ಕೋಳಿ ಇನ್ನೂ ಇದೆ, ಸರಿ ಮಾಡೋಣ. ನೀವು ಮಾಡಿ, ನಾನು ರುಚಿ ನೋಡ್ತೀನಿ." ಆಮೇಲೆ ಗಂಡನ ಕಡೆ ತಿರುಗಿ, "ನಿಮಗೆ ಕಾಲು ನೋಯ್ತಿದ್ರೆ ನೀವೇ ಕೂತ್ಕೊಳ್ಳಿ" ಎಂದರು.

ಕುರ್ಚಿ ಎಳೆದಾಗಿತ್ತು. ಯಾರಾದರೂ ಕೂರಲೇಬೇಕಲ್ಲ ಎಂದು ಚಿಕ್ಕಪ್ಪ ಕೂತರು. ಮಗಳು ಖಾಲಿ ತಟ್ಟೆಗಳನ್ನು ಮತ್ತೆ ಹರಡಿದಳು.

ಒಳಗೆ ಒಲೆ ಹತ್ತಿತು. ದೊಡ್ಡಮ್ಮ ದ್ರಾಕ್ಷಿಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹಾಕಿದರು, ನಿಂಬೆಹಣ್ಣು ಹಿಂಡಿದರು, ಮೆಣಸು ಕುಟ್ಟಿ ಹಾಕಿದರು. ಯಾವುದಕ್ಕೂ ನಾಲಿಗೆ ಬೇಕಾಗಲಿಲ್ಲ. ಕೈರುಚಿ ಎಂಬ ಪದ ಮಾಡಿದವರು ನಾಲಿಗೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವೇನೋ. ಚಿಕ್ಕಮ್ಮ ಪಕ್ಕದಲ್ಲಿ ಚಮಚ ಹಿಡಿದು ನಿಂತರು. ಆ ಅಡುಗೆಮನೆಯಲ್ಲಿ ಅವರು ಬಾಯಿಗೆ ಹಾಕಿ ನೋಡುತ್ತಿದ್ದದ್ದು ಅದೇ ಮೊದಲು.

"ಹೇಗಿದೆ?"

"ಹುಳಿ ಬಂತು. ಸಿಹಿ ಇನ್ನೂ ಹಿಂದೆ ನಿಂತಿದೆ. ಉಪ್ಪು ಹಾಕಿ."

ದೊಡ್ಡಮ್ಮ ಬಲಗಡೆಯ ಡಬ್ಬಿಯಿಂದ ಹಾಕಿದರು. "ಸಾಕಾ?"

"ಇನ್ನೂ."

"ಈಗ?"

"ಇನ್ನೂ ಒಂದು ಚಿಟಿಕೆ."

"ನಾನು ಯಾವತ್ತೂ ಇಷ್ಟು ಹಾಕಿದವಳಲ್ಲ."

"ಅದಕ್ಕೇ ಅಕ್ಕ ಪ್ರತಿ ವರ್ಷ ಸಪ್ಪೆ ಇರ್ತಿದ್ದಿದ್ದು."

ಚಿಟಿಕೆ ಹಿಡಿದ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತು.

"ಯಾರು ಹೇಳಿದ್ದು ಸಪ್ಪೆ ಅಂತ?"

"ಎಲ್ರೂ. ಮನೆಗೆ ಹೋಗ್ತಾ ದಾರೀಲಿ."

ದೊಡ್ಡಮ್ಮ ಉಪ್ಪನ್ನು ಪಾತ್ರೆಗೆ ಬಿಟ್ಟು, ಕೈ ಒರೆಸಿಕೊಂಡು, ಸೌಟು ಆಡಿಸಿದರು.

"ಇನ್ನೂ ಏನೇನು ಹೇಳ್ತಿದ್ರಿ?"

"ಉರಿ ಸಣ್ಣ ಮಾಡಿ" ಎಂದರು ಚಿಕ್ಕಮ್ಮ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಹೇಳ್ತೀನಿ."